ಕೃಷಿ ಹೊಂಡಕ್ಕೊಂದು ಕಿವಿ: ನೀರೊಳಗಿನ ಅಲುಗಾಟ ಹಿಡಿಯುವ ಸೆನ್ಸರ್ ಕಟ್ಟುವುದು ಹೇಗೆ

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಾಕಾನ ಹೊಂಡದ ಮೀನು ರಾತ್ರೋರಾತ್ರಿ ಖಾಲಿಯಾದವು. ಶಿಗ್ಗಾಂವಿಯಿಂದ ಸವಣೂರಿಗೆ ಹೋಗುವ ಕಡೆ ಅವರ ಹೊಲ. 21 ಮೀಟರ್ ಉದ್ದ, 21 ಅಗಲ, 3 ಆಳದ ಕೃಷಿ ಹೊಂಡ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಕಡೆ ಇಂಥ ಹೊಂಡಗಳು ಹೊಲಕ್ಕೊಂದರಂತೆ ಎದ್ದವಲ್ಲ, ಅದರಲ್ಲಿ ಇದೂ ಒಂದು. ಕಾಟ್ಲಾ, ರೋಹು ಮರಿ ಬಿಟ್ಟಿದ್ದರು. ಬೆಳಿಗ್ಗೆ ಹೋಗಿ ನೋಡಿದರೆ ದಂಡೆಯ ಮೇಲೆ ಬಲೆ ಎಳೆದ ಗುರುತು, ಒಂದು ಮೂಲೆಯಲ್ಲಿ ಹರಿದ ಪ್ಲಾಸ್ಟಿಕ್ ಹಾಳೆ.

"ಏನಪಾ ತಮ್ಮಾ, ಹುಬ್ಬಳ್ಯಾಗ ಕುಂತು ಅದೇನೋ ಬೋರ್ಡು, ವೈರು ಅಂತ ಕಟ್ತಿ. ನಮ್ಮ ಹೊಂಡಕ್ಕೂ ಏನರೆ ಒಂದು ಮಾಡಿ ಕೊಡಲ್ಲಾ" ಅಂದರು ಕಾಕಾ.

ಕ್ಯಾಮೆರಾ ಹಾಕಬಾರದಿತ್ತಾ ಅಂತ ಕೇಳ್ತೀರಿ. ಹಾಕಿದ್ದರು. ಮೀನಿನ ಜೊತೆ ಅದೂ ಹೋಯಿತು.

ಹಾಗಾಗಿ ಕಣ್ಣಿಗೆ ಬೀಳದ, ನೀರಿನ ಒಳಗೇ ಕೂತು ಅಲುಗಾಟ ಹಿಡಿಯುವ ಒಂದು ಸಾಧನ ಕಟ್ಟಲು ಹೊರಟೆ. ಸರಿಹೋಗಲು ಐದು ತಿಂಗಳು ಬೇಕಾಯಿತು. ನೀವು ಎರಡು ಭಾನುವಾರದಲ್ಲಿ ಮುಗಿಸಲಿ ಅಂತ ಈ ಲೇಖನ. ಬೆಸುಗೆ ಹಾಕಲು, ಇಎಸ್‌ಪಿ-32 ಬೋರ್ಡಿಗೆ ಪ್ರೋಗ್ರಾಂ ಏರಿಸಲು ಬಂದರೆ ಸಾಕು.

ಶುರು ಮಾಡುವ ಮೊದಲು ಎರಡು ಮಾತು. ಇದು ಜೀವ ಉಳಿಸುವ ಸಾಧನ ಅಲ್ಲ. ಪ್ಲಾಸ್ಟಿಕ್ ಹಾಳೆಯ ಹೊಂಡಕ್ಕೆ ಬಿದ್ದವರಿಗೆ ಕಾಲೂರಲು ಆಗುವುದಿಲ್ಲ, ಜಾರುತ್ತಲೇ ಇರುತ್ತಾರೆ. ಸುತ್ತ ಬೇಲಿ, ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ, ಗಾಳಿ ತುಂಬಿದ ಒಂದು ಹಳೆ ಟ್ಯೂಬು, ಇವು ಮೊದಲು ಇರಲಿ. ಎರಡನೆಯದು, ಬೇಲಿಗೆ ಕರೆಂಟ್ ಬಿಟ್ಟುಬಿಡಿ ಅಂತ ಯಾರಾದರೂ ಬುದ್ಧಿ ಹೇಳಿದರೆ ಕೈಮುಗಿದು ಕಳಿಸಿ. ಕಳ್ಳ ಸಾಯುವ ಮೊದಲು ನಿಮ್ಮ ಎಮ್ಮೆ ಸಾಯುತ್ತದೆ. ನೀರಿನ ಹತ್ತಿರ ಬ್ಯಾಟರಿಯ 5 ವೋಲ್ಟಿಗಿಂತ ಜಾಸ್ತಿ ಏನೂ ಹೋಗಬಾರದು.

ದುಡ್ಡು ಹಾಕಬಾರದ ಸೆನ್ಸರ್‌ಗಳು

ಮೊದಲು ನಾನು ತಂದದ್ದು ಪಿಐಆರ್ ಸೆನ್ಸರ್. ಮೆಟ್ಟಿಲ ಹತ್ತಿರ ಜನ ಬಂದರೆ ಲೈಟ್ ಹತ್ತಿಸುತ್ತಲ್ಲ, ಅದೇ. ಗಾಜಿನ ಬಾಟಲಿಯೊಳಗೆ ಇಟ್ಟು, ಮುಚ್ಚಳ ಬಿಗಿದು, ನೀರಿಗಿಳಿಸುವ ಮೊದಲು ಮೇಜಿನ ಮೇಲೇ ಪರೀಕ್ಷೆ ಮಾಡಿದೆ. ಬಾಟಲಿಯ ಮುಂದೆ ಕೈ ಬೀಸಿದೆ, ಕುಣಿದೆ. ಏನೂ ಇಲ್ಲ. ನೀರಿನವರೆಗೂ ಹೋಗಲೇ ಇಲ್ಲ, ಗಾಜೇ ತಡೆದಿತ್ತು. ಈ ಸೆನ್ಸರ್ ನೋಡುವುದು ನಮ್ಮ ಮೈಯಿಂದ ಹೊರಡುವ ಶಾಖದ ಕಿರಣವನ್ನು. ಅದರ ಅಲೆಯುದ್ದ ಸುಮಾರು 10 ಮೈಕ್ರಾನ್. ಅದನ್ನು ಗಾಜು ನುಂಗುತ್ತದೆ, ನೀರಂತೂ ಕೂದಲೆಳೆಯಷ್ಟು ದಪ್ಪ ಇದ್ದರೂ ಸಾಕು, ಪೂರ್ತಿ ನುಂಗುತ್ತದೆ.

ಅಗ್ಗದ ರೇಡಾರ್ ಮಾಡ್ಯೂಲ್‌ಗಳದ್ದೂ ಅದೇ ಕಥೆ. ಅವು ಸುಮಾರು 3 ಗಿಗಾಹರ್ಟ್ಜ್‌ನಲ್ಲಿ ಕೆಲಸ ಮಾಡುತ್ತವೆ. ಮೈಕ್ರೋವೇವ್ ಒಲೆಯಲ್ಲಿ ಅನ್ನ ಬಿಸಿಯಾಗುವುದು ಅನ್ನದೊಳಗಿನ ನೀರು ಇಂಥದೇ ಅಲೆಯನ್ನು ಹೀರಿಕೊಳ್ಳುವುದರಿಂದ. ಹೊಂಡದಲ್ಲಿ ಎರಡು ಬೆರಳು ಆಳಕ್ಕೆ ಹೋಗುವಷ್ಟರಲ್ಲಿ ಸಿಗ್ನಲ್ ಮುಗಿದಿರುತ್ತದೆ.

ಬೆಳಕಿನ ಗೆರೆ ಹಾಯಿಸಿ, ಅದು ಕಡಿದಾಗ ಅಲಾರಂ ಹೊಡೆಸುವ ವಿಧಾನ ತಿಳಿನೀರಿನ ತೊಟ್ಟಿಯಲ್ಲಿ ನಡೆಯುತ್ತದೆ. ನಮ್ಮ ಎರೆ ಹೊಲದ ಹೊಂಡದಲ್ಲಿ ಒಂದು ಮಳೆಯಾದ ಮೇಲೆ ಕೈ ಮುಳುಗಿಸಿದರೆ ಮುಂಗೈಯೇ ಕಾಣುವುದಿಲ್ಲ. ಬಿಡಿ ಅದನ್ನು.

ಉಳಿದದ್ದು ಸದ್ದು. ನೀರಿನಲ್ಲಿ ಸದ್ದಿನಷ್ಟು ಸಲೀಸಾಗಿ ಓಡಾಡುವುದು ಬೇರೆ ಯಾವುದೂ ಇಲ್ಲ. 1826ರಲ್ಲಿ ಜಿನೀವಾ ಸರೋವರದಲ್ಲಿ ಕೊಲಾಡಾನ್ ಮತ್ತು ಸ್ಟರ್ಮ್ ಎಂಬಿಬ್ಬರು ಇದನ್ನು ಅಳೆದಿದ್ದರು. ಒಂದು ದೋಣಿಯಿಂದ ನೀರೊಳಗೆ ಗಂಟೆ ಹೊಡೆದು, ಅದೇ ಕ್ಷಣಕ್ಕೆ ಮದ್ದು ಹೊತ್ತಿಸಿ ಬೆಳಕು ತೋರಿಸಿದರು. ದೂರದ ಇನ್ನೊಂದು ದೋಣಿಯಲ್ಲಿ ಬೆಳಕು ಕಂಡು ಎಷ್ಟು ಹೊತ್ತಿಗೆ ಸದ್ದು ಕೇಳಿತು ಅಂತ ಲೆಕ್ಕ ಹಾಕಿದರು. 8 ಡಿಗ್ರಿಯ ತಣ್ಣನೆಯ ನೀರಿನಲ್ಲಿ ಅವರಿಗೆ ಸಿಕ್ಕಿದ್ದು ಸೆಕೆಂಡಿಗೆ 1,435 ಮೀಟರ್. ನಮ್ಮ ಹೊಂಡದ 25 ಡಿಗ್ರಿ ನೀರಿನಲ್ಲಿ ಅದು ಸುಮಾರು 1,497. ಗಾಳಿಯಲ್ಲಿ ಬರೀ 343ರ ಆಸುಪಾಸು.

ಇಲ್ಲಿ ಒಂದು ಬಲೆ ಇದೆ, ನಾನೂ ಬಿದ್ದಿದ್ದೆ. ಕಾರಿನ ಹಿಂಬದಿಯ ಸೆನ್ಸರ್‌ನಂತಿರುವ ಜೆಎಸ್‌ಎನ್-ಎಸ್‌ಆರ್04ಟಿ ಅನ್ನುವ ಅಲ್ಟ್ರಾಸಾನಿಕ್ ಸೆನ್ಸರ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. 'ವಾಟರ್‌ಪ್ರೂಫ್' ಅಂತ ಬರೆದಿರುತ್ತದೆ. ಅದರರ್ಥ ಮಳೆ ಬಿದ್ದರೆ ಕೆಡುವುದಿಲ್ಲ ಅಂತ, ನೀರೊಳಗೆ ನೋಡುತ್ತದೆ ಅಂತಲ್ಲ. ಗಾಳಿಯಲ್ಲಿ ಸುಮಾರು 20 ಸೆಂಟಿಮೀಟರ್ ಒಳಗಿನದು ಅದಕ್ಕೆ ಕಾಣದು. ಹೊರಟ ಸದ್ದಿನ ನಡುಕ ನಿಲ್ಲುವವರೆಗೆ ಅದು ಕಿವುಡು. ನೀರಿನಲ್ಲಿ ಅಷ್ಟೇ ಹೊತ್ತಿನಲ್ಲಿ ಸದ್ದು ನಾಲ್ಕು ಪಟ್ಟಿಗಿಂತ ಜಾಸ್ತಿ ದೂರ ಹೋಗಿಬಿಡುತ್ತದೆ. ಅಂದರೆ ಹತ್ತಿರ ಹತ್ತಿರ ಒಂದು ಮೀಟರ್ ಕುರುಡು. 3 ಮೀಟರ್ ಆಳದ ಹೊಂಡಕ್ಕೆ ಅದು ಏನು ಪ್ರಯೋಜನ? ಮೇಲೆ ಕಂಬಕ್ಕೆ ಕಟ್ಟಿ ಕೆಳಗೆ ನೋಡಿಸಿದರೆ ನೀರಿನ ಮಟ್ಟ ಚೆನ್ನಾಗಿ ಅಳೆಯುತ್ತದೆ, ಆದರೆ ಒಳಗೆ ಇಣುಕುವುದಿಲ್ಲ. ಗಾಳಿಯಿಂದ ನೀರಿಗೆ ಬಡಿದ ಸದ್ದಿನ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲು ಮಾತ್ರ ಒಳಗೆ ಹೋಗುತ್ತದೆ, ಉಳಿದದ್ದು ವಾಪಸ್.

ಆದ್ದರಿಂದ ನಾವು ಸದ್ದು ಕಳಿಸುವುದಿಲ್ಲ. ಸುಮ್ನೆ ಕೂತು ಕೇಳುತ್ತೇವೆ. ಜೊತೆಗೆ ನೀರಿನ ಮೇಲೆ ಒಂದು ತೇಲುವ ಕೊಳವೆ ಬಿಟ್ಟು ಅಲೆ ನೋಡುತ್ತೇವೆ. ಇವೆರಡೂ ಸೇರಿದರೆ ಮಾತ್ರ ಕೆಲಸ.

ಹೆಜ್ಜೆ 1: ಯಾವ ಅಲುಗಾಟ ಬೇಕು ಅಂತ ಬರೆದುಕೊಳ್ಳಿ

ತಮಾಷೆ ಅಲ್ಲ, ಒಂದು ಹಾಳೆಯ ಮೇಲೆ ಬರೆಯಿರಿ. ಮನುಷ್ಯ ನೀರಿಗಿಳಿಯುವುದು, ಬಲೆ ಎಳೆಯುವುದು, ಕರು ಬೀಳುವುದು: ಇವು ಬೇಕು. ಕಪ್ಪೆ, ಗಾಳಿಯ ಅಲೆ, ಮಳೆ, ಪಂಪ್‌ಸೆಟ್, ಮೀನು ಸುಮ್ಮನೆ ಈಜುವುದು: ಇವು ಬೇಡ. ಬೇಡದ್ದರ ಪಟ್ಟಿ ಯಾವಾಗಲೂ ಉದ್ದ ಇರುತ್ತದೆ. ಪ್ರೋಗ್ರಾಂ ಬರೆಯುವಾಗ ಅರ್ಧಕ್ಕಿಂತ ಹೆಚ್ಚು ಕೆಲಸ ಆ ಪಟ್ಟಿಯದೇ.

ಈ ಲೇಖನ ನಿಂತ ನೀರಿಗೆ, ಚಿಕ್ಕ ಹೊಂಡಕ್ಕೆ ಮಾತ್ರ. ಬೆಣ್ಣಿಹಳ್ಳದಲ್ಲೋ ವರದಾ ಹೊಳೆಯಲ್ಲೋ ಇಟ್ಟರೆ ಹರಿಯುವ ನೀರಿನ ಸದ್ದೇ ಕಿವಿ ತುಂಬುತ್ತದೆ. ಉಣಕಲ್ ಕೆರೆಯಷ್ಟು ದೊಡ್ಡದಾದರೆ ಒಂದು ಕಿವಿ ಸಾಲುವುದಿಲ್ಲ.

ಹೆಜ್ಜೆ 2: ಕಿವಿ ಮಾಡುವುದು

ನೀರೊಳಗಿನ ಮೈಕಿಗೆ ಹೈಡ್ರೋಫೋನ್ ಅನ್ನುತ್ತಾರೆ. ಕೊಂಡರೆ ಸಾವಿರಾರು ರೂಪಾಯಿ. ನಮಗೆ 27 ಮಿಲಿಮೀಟರಿನ ಪಿಯೆಜೊ ಬಿಲ್ಲೆ ಸಾಕು. ಬಝರ್‌ನೊಳಗಿರುವ ಹಿತ್ತಾಳೆಯ ಬಿಲ್ಲೆ, ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ. ಅದಕ್ಕೆ ಕರೆಂಟ್ ಕೊಟ್ಟರೆ ನಡುಗಿ ಸದ್ದು ಮಾಡುತ್ತದೆ, ತಿರುಗಿ ಸದ್ದು ಬಿದ್ದು ನಡುಗಿದರೆ ಕರೆಂಟ್ ಕೊಡುತ್ತದೆ.

ನನ್ನ ಮೊದಲ ಹೈಡ್ರೋಫೋನ್ ಕಥೆ ಕೇಳಿ. ಹೈಡ್ರೋಫೋನ್‌ಗಳಲ್ಲಿ ಔಡಲೆಣ್ಣೆ ತುಂಬುತ್ತಾರೆ ಅಂತ ಓದಿದ್ದೆ. ಸದ್ದಿನ ಮಟ್ಟಿಗೆ ಔಡಲೆಣ್ಣೆಯೂ ನೀರೂ ಹೆಚ್ಚು ಕಡಿಮೆ ಒಂದೇ, ಒಂದರಿಂದ ಇನ್ನೊಂದಕ್ಕೆ ತಡೆಯಿಲ್ಲದೆ ದಾಟುತ್ತದೆ. ಸೈಕಲ್ ಟ್ಯೂಬಿನ ಗೇಣುದ್ದ ತುಂಡು ಕತ್ತರಿಸಿ, ಒಳಗೆ ಬಿಲ್ಲೆ ಇಳಿಸಿ, ಚಿಗವ್ವನ ಬಾಟಲಿಯ ಔಡಲೆಣ್ಣೆ ಪೂರ್ತಿ ಸುರಿದು, ಎರಡೂ ತುದಿ ಬಿಗಿಯಾಗಿ ಕಟ್ಟಿದೆ. ಬಕೆಟ್ಟಿಗೆ ಬಿಟ್ಟು ಹೆಡ್‌ಫೋನ್ ಹಾಕಿಕೊಂಡರೆ ಸದ್ದು ಎಲ್ಲೋ ಪಕ್ಕದ ಓಣಿಯಿಂದ ಬಂದ ಹಾಗೆ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು. ಈ ತೆಳು ಬಿಲ್ಲೆ ಬಾಗಿದರೆ ಮಾತ್ರ ಸಿಗ್ನಲ್ ಚೆನ್ನಾಗಿ ಬರುತ್ತದೆ. ಎರಡೂ ಬದಿಗೆ ಎಣ್ಣೆ ಇದ್ದರೆ ಎರಡೂ ಬದಿಯಿಂದ ಒಂದೇ ಒತ್ತಡ. ಒಂದು ಬಾಗಿಲನ್ನು ಒಳಗಿನಿಂದ ಒಬ್ಬ, ಹೊರಗಿನಿಂದ ಒಬ್ಬ ಅಷ್ಟೇ ಜೋರಾಗಿ ದೂಡಿದರೆ ಅದು ಎತ್ತ ಹೋಗಬೇಕು? ಔಡಲೆಣ್ಣೆ ಬೇರೆ ಬಗೆಯ, ದಪ್ಪ ಸಿರಾಮಿಕ್‌ನ ಹೈಡ್ರೋಫೋನ್‌ಗೆ ಸರಿ. ಚಿಗವ್ವನಿಗೆ ಹೊಸ ಬಾಟಲಿ ತಂದುಕೊಟ್ಟೆ.

ಸರಿಯಾದ ದಾರಿ ಇದು. ಬಿಲ್ಲೆಯ ಒಂದು ಬದಿಗೆ ನೀರಿನ ಒತ್ತಡ ಬೀಳಬೇಕು, ಇನ್ನೊಂದು ಬದಿಗೆ ಗಾಳಿ ಇರಬೇಕು. ಅದಕ್ಕೆ ಎಲೆಅಡಿಕೆ ಹಾಕುವವರ ಸುಣ್ಣದ ಡಬ್ಬಿ ಹೇಳಿ ಮಾಡಿಸಿದಂತಿದೆ. ಗುಂಡಗೆ, ಲೋಹದ್ದು, ತೆಳು ಮುಚ್ಚಳ. ಬಿಲ್ಲೆ ಒಳಗೆ ಹಿಡಿಸುವಷ್ಟು ಅಗಲದ್ದು ಆರಿಸಿ.

ಮುಚ್ಚಳದ ಒಳಬದಿಯನ್ನು ಉಪ್ಪುಕಾಗದದಿಂದ ಉಜ್ಜಿ. ಬಿಲ್ಲೆಯ ಹಿತ್ತಾಳೆ ಬದಿಯನ್ನು ಅರಾಲ್ಡೈಟ್‌ನ ತೆಳು ಪದರ ಹಚ್ಚಿ ಅಲ್ಲಿ ಅಂಟಿಸಿ, ಒಂದು ರಾತ್ರಿ ಭಾರ ಇಟ್ಟು ಬಿಡಿ. ಬೆಸುಗೆ ಹಾಕುವಾಗ ನಡುವಿನ ಬಿಳಿ ಭಾಗದ ಮೇಲೆ ಎರಡು ಸೆಕೆಂಡಿಗಿಂತ ಜಾಸ್ತಿ ಕಾವು ಇಡಬೇಡಿ, ಮೇಲಿನ ಬೆಳ್ಳಿ ಲೇಪ ಎದ್ದು ಬರುತ್ತದೆ. ವೈರು ಸಾದಾ ಎರಡೆಳೆಯದು ಬೇಡ. ಮೈಕಿಗೆ ಬಳಸುವ, ಸುತ್ತ ತಂತಿ ಜಾಳಿಗೆ ಇರುವ ಕೇಬಲ್ ತನ್ನಿ. ನಡುವಿನ ಎಳೆ ಬಿಳಿ ಭಾಗಕ್ಕೆ, ಜಾಳಿಗೆ ಹಿತ್ತಾಳೆಗೆ ಮತ್ತು ಡಬ್ಬಿಯ ಮೈಗೆ. ಡಬ್ಬಿಯೇ ಗ್ರೌಂಡ್ ಆದರೆ ಕರೆಂಟಿನ ಗುಂಯ್‌ಗುಡುವಿಕೆ ಎಷ್ಟೋ ಕಡಿಮೆ.

ಹೆಜ್ಜೆ 3: ನೀರು ಬರದಂತೆ ಮುಚ್ಚುವುದು

ಇಲ್ಲಿ ಅವಸರ ಮಾಡಿದವರು ಮತ್ತೆ ಹೆಜ್ಜೆ 2ಕ್ಕೆ ಬರುತ್ತಾರೆ. ನೀರು ಮುಚ್ಚಳದಿಂದ ಬರುವುದಕ್ಕಿಂತ ಕೇಬಲ್ ಒಳಗಿನಿಂದ ಬರುವುದೇ ಜಾಸ್ತಿ. ಹೊರ ಕವಚದ ಮೇಲೆ ಎಲ್ಲೋ ಒಂದು ಸಣ್ಣ ಗೀರು ಇದ್ದರೆ ಜಾಳಿಗೆಯ ಸಂದಿ ಹಿಡಿದು ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಸಾಗುತ್ತದೆ. ಡಬ್ಬಿಯೊಳಗೆ ಕೇಬಲ್ ಬರುವ ಕಡೆ ಒಂದು ಇಂಚು ಹೊರ ಕವಚ ಸುಲಿದು, ಜಾಳಿಗೆ ಬಿಡಿಸಿ, ಎಳೆಎಳೆಗೂ ಅರಾಲ್ಡೈಟ್ ಹೋಗುವಂತೆ ತುಂಬಿ. ಆಮೇಲೆ ಮುಚ್ಚಳದ ಸುತ್ತ ಹಚ್ಚಿ. ಹೊರಗೆ ಪೂರ್ತಿ ಪೇಂಟ್ ಹೊಡೆಯಿರಿ, ಲೋಹ ತಿನ್ನುವುದು ತಪ್ಪುತ್ತದೆ.

ಪರೀಕ್ಷೆ ಹೀಗೆ. ಪಿಯೆಜೊ ಇಲ್ಲದ ಇನ್ನೊಂದು ಡಬ್ಬಿಯನ್ನು ಇದೇ ರೀತಿ ಮುಚ್ಚಿ, ಒಳಗೆ ಬಿಳಿ ಕಾಗದದ ಮೇಲೆ ಚಿಟಿಕೆ ಕುಂಕುಮ ಇಡಿ. ಕಲ್ಲು ಕಟ್ಟಿ ಒಂದು ದಿನ ಬಾವಿಗೋ ತೊಟ್ಟಿಗೋ ಇಳಿಬಿಡಿ. ತೆಗೆದು ಒಡೆದಾಗ ಕುಂಕುಮ ಪುಡಿಯಾಗೇ ಇದ್ದರೆ ನಿಮ್ಮ ಕೈ ಸರಿಯಿದೆ. ಹನಿ ನೀರು ಬಂದಿದ್ದರೂ ಕಾಗದ ಕೆಂಪಾಗಿರುತ್ತದೆ. ನನ್ನ ಮೊದಲೆರಡು ಡಬ್ಬಿ ಅರಿಶಿನ ಕುಂಕುಮದ ಕಾರ್ಯಕ್ರಮ ಮುಗಿಸಿ ಬಂದಂತಿದ್ದವು.

ಹೆಜ್ಜೆ 4: ಸದ್ದು ದೊಡ್ಡದು ಮಾಡುವುದು

ಪಿಯೆಜೊ ಸಿಗ್ನಲ್ ಬಹಳ ನಾಜೂಕು. ಅದಕ್ಕೆ ಎಂಸಿಪಿ-6002 ಅನ್ನುವ ಆಪ್-ಆಂಪ್, ಅಂದರೆ ಸಿಗ್ನಲ್ ದೊಡ್ಡದು ಮಾಡುವ ಚಿಪ್, ಬಳಸಿ. ಎಲ್‌ಎಂ-358 ಮನೆಯಲ್ಲಿ ಬಿದ್ದಿದೆ ಅಂತ ನಾನು ಅದನ್ನೇ ಹಾಕಿದ್ದೆ. 3.3 ವೋಲ್ಟಿನಲ್ಲಿ ಅದರ ಔಟ್‌ಪುಟ್ 1.8ರ ಆಸುಪಾಸಿಗಿಂತ ಮೇಲೇರದು, ಅಲೆಯ ಮೇಲರ್ಧ ಕತ್ತರಿಸಿಹೋಗುತ್ತದೆ.

ಜೋಡಣೆ ಸರಳ. ಪ್ಲಸ್ ಇನ್‌ಪುಟ್‌ಗೆ 3.3 ವೋಲ್ಟಿನಿಂದ ಒಂದು, ಗ್ರೌಂಡಿನಿಂದ ಒಂದು, ಎರಡು 1 ಮೆಗಾಓಮ್ ರೆಸಿಸ್ಟರ್. ಇದರಿಂದ ಸಿಗ್ನಲ್ 1.65 ವೋಲ್ಟಿನ ನಡುಮಟ್ಟದಲ್ಲಿ ನಿಲ್ಲುತ್ತದೆ. ಪಿಯೆಜೊವನ್ನು 10 ಕಿಲೋಓಮ್ ಮೂಲಕ ಅಲ್ಲಿಗೇ ಸೇರಿಸಿ. ಅಲ್ಲಿಂದ ಎರಡು 1ಎನ್4148 ಡಯೋಡ್ ಹಾಕಿ, ಒಂದು 3.3ರ ಕಡೆ, ಒಂದು ಗ್ರೌಂಡಿನ ಕಡೆ, ಎರಡೂ ಮಾಮೂಲಿಯಾಗಿ ಕರೆಂಟ್ ಹರಿಯದ ದಿಕ್ಕಿಗೆ. ಡಬ್ಬಿ ಕೈಜಾರಿ ನೆಲಕ್ಕೆ ಬಿದ್ದರೆ ಪಿಯೆಜೊ ಹತ್ತಾರು ವೋಲ್ಟ್ ಉಗುಳುತ್ತದೆ, ಆಗ ಚಿಪ್ಪನ್ನು ಕಾಯುವುದು ಇವೇ. ಔಟ್‌ಪುಟ್‌ನಿಂದ ಮೈನಸ್ ಇನ್‌ಪುಟ್‌ಗೆ 100 ಕಿಲೋಓಮ್, ಅದರ ಪಕ್ಕದಲ್ಲೇ 1 ನ್ಯಾನೋಫ್ಯಾರಡ್ ಕೆಪಾಸಿಟರ್. ಮೈನಸ್‌ನಿಂದ 1 ಕಿಲೋಓಮ್, ಆಮೇಲೆ 10 ಮೈಕ್ರೋಫ್ಯಾರಡ್, ಆಮೇಲೆ ಗ್ರೌಂಡ್. ಸಿಗ್ನಲ್ ನೂರು ಪಟ್ಟು ದೊಡ್ಡದಾಗುತ್ತದೆ, 1,600 ಹರ್ಟ್ಜ್‌ಗಿಂತ ಮೇಲಿನದು ಕುಗ್ಗುತ್ತದೆ.

1 ಮೆಗಾಓಮ್ ಬದಲು 10 ಕಿಲೋಓಮ್ ಹಾಕಿದರೆ ಏನಾಗುತ್ತೆ ಅಂತ ಒಬ್ಬ ಗೆಳೆಯ ಕೇಳಿದ. ಬಿಲ್ಲೆ ತಾನೇ ಸುಮಾರು 20 ನ್ಯಾನೋಫ್ಯಾರಡ್‌ನ ಕೆಪಾಸಿಟರ್ ಇದ್ದ ಹಾಗೆ. ರೆಸಿಸ್ಟರ್ ಚಿಕ್ಕದಾದಷ್ಟೂ ಕೆಳಗಿನ ಸದ್ದು ಸೋರಿಹೋಗುತ್ತದೆ. ಕೀರಲು ದನಿ ಕೇಳುತ್ತದೆ, 'ಧುಬ್' ಅನ್ನುವುದು ಮಾಯ.

ಬಕೆಟ್ ಪರೀಕ್ಷೆ ಇಲ್ಲೇ ಮಾಡಿ. ಬಕೆಟ್ ನೀರಿಗೆ ಡಬ್ಬಿ ಇಳಿಸಿ, ಒಂದು ಅಕ್ಕಿಕಾಳು ಹಾಕಿ. ಔಟ್‌ಪುಟ್ಟನ್ನು ಬೋರ್ಡಿಗೆ ಕೊಟ್ಟು ನೋಡಿದರೆ ಕಂಪ್ಯೂಟರ್ ಪರದೆಯ ಮೇಲೆ ಗೆರೆ ಜಿಗಿಯಬೇಕು.

ಹೆಜ್ಜೆ 5: ತೇಲುವ ಕೊಳವೆ

ಮೊದಲು ಊಟದ ಪ್ಲಾಸ್ಟಿಕ್ ಡಬ್ಬಿಯೊಳಗೆ ಅಲುಗಾಟ ಅಳೆಯುವ ಎಂಪಿಯು-6050 ಸೆನ್ಸರ್ ಇಟ್ಟು ತೇಲಿಬಿಟ್ಟಿದ್ದೆ. ನಮ್ಮ ಕಡೆಯ ಗಾಳಿ ಗೊತ್ತಲ್ಲ, ಗದಗಿನ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಅಗಲ ಡಬ್ಬಿ ಪ್ರತಿ ಸಣ್ಣ ಅಲೆಗೂ ಕುಣಿಯಿತು. ಉದ್ದನೆಯ, ನೆಟ್ಟಗೆ ನಿಲ್ಲುವ ಕೊಳವೆಯಾದರೆ ಸಣ್ಣ ಅಲೆಗಳಿಗೆ ಸೊಪ್ಪು ಹಾಕುವುದಿಲ್ಲ.

75 ಮಿಲಿಮೀಟರಿನ ಪಿವಿಸಿ ಪೈಪು, 30 ಸೆಂಟಿಮೀಟರ್ ಉದ್ದ, ಎರಡೂ ಬದಿಗೆ ಮುಚ್ಚಳ. ಪೂರ್ತಿ ಮುಳುಗಿದರೆ ಇದು 1.3 ಕಿಲೋ ನೀರು ಸರಿಸುತ್ತದೆ. ಮೂರರಲ್ಲಿ ಎರಡು ಪಾಲು ಮುಳುಗಿ ನಿಲ್ಲಬೇಕೆಂದರೆ ಒಟ್ಟು ತೂಕ ಸುಮಾರು 880 ಗ್ರಾಂ ಇರಬೇಕು. ಪೈಪು, ಬ್ಯಾಟರಿ, ಬೋರ್ಡು ಎಲ್ಲ ಅಡುಗೆಮನೆಯ ತಕ್ಕಡಿಗೆ ಹಾಕಿ, ಕಡಿಮೆ ಬಿದ್ದಷ್ಟು ಹಳೆ ನಟ್ಟು ಬೋಲ್ಟು ತಳಕ್ಕೆ ತುಂಬಿ. ಬೋರ್ಡು, ಆಪ್-ಆಂಪ್, ಎಂಪಿಯು ಎಲ್ಲ ಇದರೊಳಗೇ ಇರಲಿ. ಎಂಪಿಯುಗೆ ದಂಡೆಯವರೆಗೆ ವೈರು ಎಳೆಯಬೇಡಿ, ಅದರ ಸಂಪರ್ಕ ಒಂದು ಮೀಟರ್ ದಾಟಿದರೆ ಕೈಕೊಡಲು ಶುರು.

ಕೊಳವೆಯ ಕೆಳಗೆ ಒಂದು ಮೀಟರ್ ಕೇಬಲ್ ಬಿಟ್ಟು ಸುಣ್ಣದ ಡಬ್ಬಿ ತೂಗುಹಾಕಿ. ಭಾರ ಕೇಬಲ್ ಮೇಲೆ ಬೀಳದಂತೆ ಪಕ್ಕದಲ್ಲೊಂದು ನೈಲಾನ್ ದಾರ ಕಟ್ಟಿ. ಹೊಂಡದ ಆಚೆ ಈಚೆ ಹಗ್ಗ ಬಿಗಿದು ಕೊಳವೆಯನ್ನು ಸಡಿಲ ದಾರದಲ್ಲಿ ಕಟ್ಟಬೇಕು. ದಾರ ಬಿಗಿಯಾದರೆ ಹಗ್ಗದ ಜಗ್ಗಾಟವೇ ಅಲೆಯಂತೆ ಕಾಣುತ್ತದೆ. ಇನ್ನೊಂದು, ಡಬ್ಬಿ ಪ್ಲಾಸ್ಟಿಕ್ ಹಾಳೆಗೆ ತಾಗಬಾರದು. ಗಾಳಿಗೆ ಹಾಳೆ ಪಟಪಟ ಬಡಿಯುವುದೆಲ್ಲ ಕಿವಿಗೆ ನೇರ ಬರುತ್ತದೆ.

ಒತ್ತಡದ ಸೆನ್ಸರ್ ಹಾಕಬಹುದಲ್ಲ ಅನ್ನುವವರಿಗೆ: ಹಾಕಬಹುದು. ಒಂದು ಮೀಟರ್ ನೀರಿಗೆ ಸುಮಾರು 98 ಮಿಲಿಬಾರ್ ಒತ್ತಡ, ಎಂಎಸ್-5837 ಅನ್ನುವುದು ಕೆಲವು ಮಿಲಿಮೀಟರ್ ಏರಿಳಿತವನ್ನೂ ಹಿಡಿಯುತ್ತದೆ. ಆದರೆ ಅಲೆಯ ಒತ್ತಡ ಆಳಕ್ಕೆ ಹೋದಂತೆ ಬೇಗ ಸಾಯುತ್ತದೆ. ಅಲೆಯುದ್ದದ ಅರ್ಧದಷ್ಟು ಆಳದಲ್ಲಿ ನೂರಕ್ಕೆ ನಾಲ್ಕು ಪಾಲು ಉಳಿದಿರುತ್ತದೆ ಅಷ್ಟೇ. ಇಡುವುದಾದರೆ ಒಂದು ಗೇಣು ಆಳದಲ್ಲಿ ಇಡಿ. ನನಗೆ ಕೊಳವೆಯೇ ಸಾಕಾಯಿತು.

ಹೆಜ್ಜೆ 6: ಬೋರ್ಡಿಗೆ ಬುದ್ಧಿ ಹೇಳುವುದು

ಸದ್ದನ್ನು ಸೆಕೆಂಡಿಗೆ 4,000 ಸಲ ಓದಿಸಿ. 200 ಹರ್ಟ್ಜ್‌ಗಿಂತ ಕೆಳಗಿನದನ್ನು ಪ್ರೋಗ್ರಾಂನಲ್ಲೇ ಕತ್ತರಿಸಿ. ಯಾಕೆ ಅಂದರೆ 3 ಮೀಟರ್ ಆಳದ ನೀರಿನಲ್ಲಿ ಸರಿಸುಮಾರು 125 ಹರ್ಟ್ಜ್‌ಗಿಂತ ಕೆಳಗಿನ ಸದ್ದು ದೂರ ಸಾಗುವುದೇ ಇಲ್ಲ, ಅಷ್ಟು ಉದ್ದದ ಅಲೆಗೆ ಅಲ್ಲಿ ಜಾಗ ಇಲ್ಲ. ಜೊತೆಗೆ ಕರೆಂಟಿನ 50 ಮತ್ತು 100 ಹರ್ಟ್ಜ್ ಗುಂಯ್‌ ಕೂಡ ಅದೇ ಕತ್ತರಿಗೆ ಸಿಗುತ್ತದೆ. ಒಂದೇ ಏಟಿಗೆ ಎರಡು ಕೆಲಸ.

ಕಾಲು ಸೆಕೆಂಡಿಗೊಮ್ಮೆ ಸದ್ದಿನ ಸರಾಸರಿ ಬಲ ತೆಗೆಯಿರಿ. ಇನ್ನೊಂದು ಕಡೆ ಕಳೆದ ಎರಡು ನಿಮಿಷದ ಸರಾಸರಿ ಇಟ್ಟುಕೊಳ್ಳಿ. ಈಗಿನದು ಅದರ ಐದು ಪಟ್ಟು ದಾಟಿ, ಒಂದು ಸೆಕೆಂಡಿನ ನಾಲ್ಕು ತುಂಡಲ್ಲಿ ಮೂರು ಹಾಗೇ ಇದ್ದರೆ 'ಸದ್ದು ಆಯಿತು' ಅನ್ನಿ. ಖಡಾಖಡಿ ಒಂದು ಅಂಕಿ ಇಟ್ಟರೆ ನಡೆಯದು. ಸಂತೆಯಲ್ಲಿ ಕೂಗಿದರೂ ಕೇಳದು, ಗುಡಿಯಲ್ಲಿ ಪಿಸುಗುಟ್ಟಿದರೂ ಕೇಳುತ್ತದೆ ಅಲ್ವಾ, ಹೊಂಡವೂ ಹಾಗೇ. ಒಂದು ಎಚ್ಚರಿಕೆ: ಸದ್ದು ಆದ ಹೊತ್ತಿನ ಅಂಕಿಯನ್ನು ಎರಡು ನಿಮಿಷದ ಸರಾಸರಿಗೆ ಸೇರಿಸಬೇಡಿ. ಸೇರಿಸಿದರೆ ಕಳ್ಳ ನಿಧಾನಕ್ಕೆ ಇದ್ದಷ್ಟೂ ಬೋರ್ಡು ಅವನಿಗೆ ಒಗ್ಗಿಹೋಗುತ್ತದೆ.

ಕೊಳವೆಯದ್ದು ಇನ್ನೂ ಸುಲಭ. ಎಂಪಿಯುವನ್ನು ಸೆಕೆಂಡಿಗೆ 50 ಸಲ ಓದಿ. ಏನೂ ಅಲುಗದಿದ್ದರೂ ಭೂಮಿ ಎಳೆಯುವ 1 ಜಿ ಇದ್ದೇ ಇರುತ್ತದೆ, ಅದನ್ನು ಕಳೆದು ಉಳಿದ ಅಲುಗಾಟಕ್ಕೂ ಇದೇ ಲೆಕ್ಕ ಹಾಕಿ. ನೀರಿಗೆ ಏನಾದರೂ ಬಿದ್ದರೆ ಈ ಕೊಳವೆ ಸುಮಾರು 0.9 ಸೆಕೆಂಡಿಗೊಮ್ಮೆ ಮೇಲೆ ಕೆಳಗೆ ಆಡುತ್ತದೆ, ನಿಧಾನಕ್ಕೆ ನಿಲ್ಲುತ್ತದೆ.

ಐದು ಸೆಕೆಂಡಿನೊಳಗೆ ಸದ್ದೂ ಆಗಿ, ಕೊಳವೆಯೂ ಆಡಿದರೆ ಮಾತ್ರ ಅಲಾರಂ. ಕಪ್ಪೆ ಸದ್ದು ಮಾಡುತ್ತದೆ, ಕೊಳವೆ ಆಡಿಸುವುದಿಲ್ಲ. ಗಾಳಿ ಕೊಳವೆ ಆಡಿಸುತ್ತದೆ, ನೀರೊಳಗೆ ಸದ್ದು ಕಡಿಮೆ. ಮನುಷ್ಯ ಇಳಿದರೆ ಎರಡೂ.

ಹೆಜ್ಜೆ 7: ಸುದ್ದಿ ಮನೆಗೆ ಮುಟ್ಟಿಸುವುದು

ಹೊಲದಿಂದ ಮನೆ ಮುಕ್ಕಾಲು ಕಿಲೋಮೀಟರ್. ವೈಫೈ ಮುಟ್ಟುವುದಿಲ್ಲ. ದೂರಕ್ಕೆ ರೇಡಿಯೋ ಸಂದೇಶ ಕಳಿಸುವ ಲೋರಾ ಮಾಡ್ಯೂಲ್ ಹಾಕಿದೆ. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಜ್‌ಗೆ ಲೈಸೆನ್ಸ್ ಬೇಡ. ಅಂಗಡಿಯಲ್ಲಿ 433ರದ್ದು ಅಗ್ಗ ಅಂತ ಕೊಡಲು ಬರುತ್ತಾರೆ. ಬೇಡ, 868 ಅಂತ ಬರೆದದ್ದು ತಂದು 866ಕ್ಕೆ ಹೊಂದಿಸಿ. ಆಂಟೆನಾ ಕೊಳವೆಯ ಮೇಲ್ತುದಿಯಲ್ಲಿ, ನೀರಿಗಿಂತ ಮೇಲೆ ಇರಲೇಬೇಕು.

ವೈಫೈ ಬಂದ್ ಮಾಡಿ ಇಟ್ಟರೆ ಬೋರ್ಡು 40 ಮಿಲಿಆಂಪ್ ಆಸುಪಾಸು ತಿನ್ನುತ್ತದೆ, ದಿನಕ್ಕೆ ಸುಮಾರು 960 ಮಿಲಿಆಂಪ್-ಗಂಟೆ. 2,600ರ ಒಂದು 18650 ಸೆಲ್ ಎರಡೂವರೆ ದಿನ. ಹಗಲು ಯಾರೂ ಕದಿಯಲು ಬರುವುದಿಲ್ಲ, ಆಗ ಮಲಗಿಸಿಬಿಡಿ. ಎರಡು ಸೆಲ್ ಜೋಡಿಸಿದರೆ ವಾರ ಹತ್ತಿರ ಹತ್ತಿರ ನಡೆಯುತ್ತದೆ. ಸೋಲಾರ್ ಹಾಕಿದರೆ ಹೊಳೆಯುತ್ತದೆ, ಹೊಳೆದರೆ ಕ್ಯಾಮೆರಾದ ಗತಿಯೇ. ಭಾನುವಾರಕ್ಕೊಮ್ಮೆ ಚಾರ್ಜ್ ಮಾಡುವುದೇ ವಾಸಿ.

ಹೆಜ್ಜೆ 8: ದಂಡೆಯ ಮೇಲೆ ಕೂರುವುದು

ಇದಕ್ಕೆ ಬದಲಿ ಇಲ್ಲ. ಮೊದಲ ಒಂದು ವಾರ ಅಲಾರಂ ಬೇಡ, ಬರೀ ಸಮಯ ಮತ್ತು ಎರಡು ಅಂಕಿ ದಾಖಲಾಗಲಿ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟು ನೀವು ಕಂಡದ್ದು ಬರೆಯಿರಿ.

ಕಾಕಾ ಮೊದಲ ದಿನ ಹೆಡ್‌ಫೋನ್ ಹಾಕಿಕೊಂಡು ಕೇಳಿದರು, "ನೀರಾಗ ಮೈಕ್ ಇಟ್ರ ಮೀನು ಹಾಡ್ತಾವೇನಲೇ?" ಹಾಡಲಿಲ್ಲ. ಆದರೆ ತಿಂಡಿ ಎರಚಿದಾಗ ಚಪ್ ಚಪ್ ಅನ್ನುವುದು ಎಷ್ಟು ಹತ್ತಿರ ಕೇಳಿತು ಅಂದರೆ ಅವರು ಹೆಡ್‌ಫೋನ್ ತೆಗೆಯಲೇ ಇಲ್ಲ.

ಆ ವಾರದಲ್ಲಿ ನಾನು ಕಲಿತದ್ದು ಇಷ್ಟು. ತ್ರೀ ಫೇಸ್ ಬಂದು ಪಂಪ್‌ಸೆಟ್ ಶುರುವಾದ ಕ್ಷಣ ಪೈಪಿನ ಮೂಲಕ ದೊಡ್ಡ ಜರ್ಕು ಬರುತ್ತದೆ, ಆಮೇಲೆ ಒಂದೇ ಸಮ. ಪೈಪಿನ ಬಾಯಿ ನೀರೊಳಗೆ ಇದ್ದರೆ ಮೇಲೆತ್ತಿ ಕಟ್ಟಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ತುಂತುರು ಮಳೆ ತೊಂದರೆ ಕೊಡುವುದಿಲ್ಲ, ಅದರ ಸದ್ದು ಮುಖ್ಯವಾಗಿ 15 ಕಿಲೋಹರ್ಟ್ಜ್ ಸುತ್ತಮುತ್ತ ಇರುತ್ತದೆ, ನಮ್ಮ ಸರ್ಕ್ಯೂಟ್ ಅಷ್ಟು ಮೇಲೆ ಹೋಗುವುದೇ ಇಲ್ಲ. ಹೊಡೆತದ ಮಳೆಯಲ್ಲಿ ಮಾತ್ರ ಎರಡು ನಿಮಿಷದ ಸರಾಸರಿಯೇ ಏರಿ ಕಿವಿ ಮಂದವಾಗುತ್ತದೆ.

ಇನ್ನೊಂದು ಚಂದದ ಸಂಗತಿ. ರಾತ್ರಿ ಯಾರಾದರೂ ದಂಡೆಯ ಮೇಲೆ ಜೋರಾಗಿ ಹೆಜ್ಜೆ ಹಾಕಿದರೂ ದಾಖಲೆಯಲ್ಲಿ ಒಂದು 'ಧಡ್' ಬೀಳುತ್ತಿತ್ತು, ನೀರಿಗೆ ಯಾರೂ ಇಳಿಯದಿದ್ದರೂ. ಅದು ಮೀನು ಬೆದರಿ ಓಡುವ ಸದ್ದು. ಕಾಟ್ಲಾ, ರೋಹುಗಳ ಜಾತಿಗೆ ಹೊಟ್ಟೆಯೊಳಗಿನ ಗಾಳಿಚೀಲದಿಂದ ಕಿವಿಗೆ ಸಣ್ಣ ಮೂಳೆಗಳ ಸಾಲೇ ಇದೆ. 1820ರಲ್ಲಿ ಅರ್ನ್ಸ್ಟ್ ವೆಬರ್ ಇದನ್ನು ವಿವರಿಸಿದ, ಅವನ ಹೆಸರೇ ಆ ಮೂಳೆಗಳಿಗೆ. ಜೊತೆಗೆ ಮೈಯ ಎರಡೂ ಬದಿಗೆ ನೀರಿನ ಸರಿದಾಟ ತಿಳಿಯುವ ಗೆರೆ. ನಮ್ಮ ಸೆನ್ಸರ್‌ಗಿಂತ ಮೊದಲು ಮೀನಿಗೇ ಗೊತ್ತಾಗಿರುತ್ತದೆ, ನಾವು ಮೀನನ್ನು ಕೇಳಿಸಿಕೊಂಡರೆ ಆಯಿತು. ಇದಕ್ಕೆ ಪೂರ್ತಿ ಅಲಾರಂ ಬೇಡ, ಒಂದು ಸಣ್ಣ ಬೀಪ್ ಇಟ್ಟಿದ್ದೇನೆ.

ಕೊನೆಗೆ ಎಷ್ಟಕ್ಕೆ ಅಲಾರಂ ಅಂತ ಗೊತ್ತುಮಾಡಲು ಒಂದು ಕೊಡಕ್ಕೆ ನೀರು ತುಂಬಿ, ಬಾಯಿಗೆ ಹಗ್ಗ ಕಟ್ಟಿ, ಒಂದು ಮೀಟರ್ ಎತ್ತರದಿಂದ ನಾಲ್ಕೂ ಮೂಲೆಯಲ್ಲಿ ನೀರಿಗೆ ಬಿಡಿ. ನಾಲ್ಕೂ ಕಡೆ ಹಿಡಿಯಬೇಕು. ಆಮೇಲೆ ಈಜು ಬರುವ ಒಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಆಚೆ ತುದಿ ಇಬ್ಬರ ಕೈಯಲ್ಲಿ ಕೊಟ್ಟು, ಸದ್ದಾಗದಂತೆ ಇಳಿಯಲಿ. ನಮ್ಮಲ್ಲಿ ಮೊದಲ ಸಲ ಇದು ಹಿಡಿಯಲಿಲ್ಲ. ಐದು ಪಟ್ಟನ್ನು ಮೂರೂವರೆಗೆ ಇಳಿಸಿದ ಮೇಲೆ ಹಿಡಿಯಿತು. ನಿಮ್ಮ ಹೊಂಡದ ಅಂಕಿ ಬೇರೆ ಇರುತ್ತದೆ.

ಮೂರೂವರೆಗೆ ಇಳಿಸಿದ ಮರುದಿನದಿಂದ ಬೆಳಿಗ್ಗೆ ಆರೂ ಮುಕ್ಕಾಲಿಗೆ ದಿನಾ ಅಲಾರಂ. ಚಿಗವ್ವ ಚಹಾ ಬಿಟ್ಟು ಎದ್ದು ಓಡುವುದು, ಹೊಂಡದ ಹತ್ತಿರ ಯಾರೂ ಇಲ್ಲದಿರುವುದು. ನಾಲ್ಕನೆಯ ದಿನ ನಾನೇ ಹೋಗಿ ಕತ್ತಲಿರುವಾಗಲೇ ಬದುವಿನ ಹಿಂದೆ ಕೂತೆ. ಬೆಳಕು ಹರಿದ ಮೇಲೆ ಒಂದು ಮಿಂಚುಳ್ಳಿ ಬಂದು ನಾನು ಬಿಗಿದ ಹಗ್ಗದ ಮೇಲೇ ಕೂತಿತು. ಕೊಳವೆಯ ಸರಿಯಾಗಿ ಮೇಲೆ. ಧುಮುಕಿತು, ಸದ್ದಾಯಿತು. ಮೇಲೆದ್ದು ಹಗ್ಗಕ್ಕೆ ಬಂದು ಕೂತಿತು, ಹಗ್ಗ ಆಡಿ ಕೊಳವೆಯೂ ಆಡಿತು. ಎರಡೂ ಶರತ್ತು ಪೂರ್ತಿ.

ಪ್ರೋಗ್ರಾಂ ಮುಟ್ಟಲಿಲ್ಲ. ಕೊಳವೆಯಿಂದ ಎರಡು ಮಾರು ಆಚೆ, ದಂಡೆಯಲ್ಲಿ ಒಂದು ಬಿದಿರು ಗಳ ನೀರಿನ ಮೇಲೆ ಬಾಗುವಂತೆ ನೆಟ್ಟೆ. ಹಕ್ಕಿ ಈಗ ಅಲ್ಲಿ ಕೂರುತ್ತದೆ.